ನಾಲ್ಕು ಬೆರಳಿನ ಕೆಳಗೆ

ಶಂಕರಪೋಳಿಯಂಥ ಒಂದು ಲೋಹದ ತುಂಡು, ಅದರ ಮೇಲೊಂದು ಗುಂಡನೆಯ ಟೋಪಿ, ಕೆಳಗೆ ಎರಡು ಕಡ್ಡಿಕಾಲು. ನೋಡಲು ಇಷ್ಟೇ ನಾನು. ಹೆಸರು ಪವರ್ ಟ್ರಾನ್ಸಿಸ್ಟರ್. ಟೋಪಿಯೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಸಿಲಿಕಾನ್ ಚೂರೊಂದಿದೆ. ನನ್ನ ಜೀವವೆಲ್ಲ ಅದರಲ್ಲೇ. ಕಾರ್ಖಾನೆಯಲ್ಲಿ ನನ್ನ ಜೊತೆ ಸಾವಿರಾರು ಮಂದಿ ಹುಟ್ಟಿದರು. ಅವರೆಲ್ಲ ಎಲ್ಲಿ ಹೋದರೋ ತಿಳಿಯದು. ಹುಬ್ಬಳ್ಳಿಯ ಅಂಗಡಿಯೊಂದರ ಡಬ್ಬಿಯಲ್ಲಿ ಕೊನೆಗೆ ಉಳಿದವನು ನಾನೊಬ್ಬನೇ.

ಅಲ್ಲಿಂದ ನನ್ನನ್ನು ರಾಣೆಬೆನ್ನೂರಿಗೆ ತಂದವರು ಫಕ್ಕೀರಪ್ಪನವರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಆಂಪ್ಲಿಫೈಯರ್ ರಿಪೇರಿ ಅಂಗಡಿ. ಗುರುಸಿದ್ದ ಮಾಸ್ತರರ ಸಣ್ಣಾಟದ ಮೇಳದ ಆಂಪ್ಲಿಫೈಯರಿನಲ್ಲಿ ನನ್ನಂಥ ನಾಲ್ವರು ಸಾಲಾಗಿ ನಿಂತು ಒಂದೇ ಭಾರ ಹೊರುತ್ತಿದ್ದರು. ಅವರಲ್ಲೊಬ್ಬ ಸತ್ತಿದ್ದ. ಆ ಜಾಗಕ್ಕೆ ನನ್ನನ್ನು ಕೂರಿಸಿದರು.

ಉಳಿದ ಮೂವರು ಒಂದೇ ದಿನ ಹುಟ್ಟಿದವರು, ಒಂದೇ ಶಕ್ತಿಯವರು. ನಾನು ಹೊರಗಿನವನು, ಮೇಲಾಗಿ ಅವರಿಗಿಂತ ಚುರುಕು. ಒಂದೇ ಸನ್ನೆಗೆ ಅವರು ಒಂದು ಕೊಡ ಕರೆಂಟು ಹೊತ್ತರೆ ನಾನು ಎರಡು ಕೊಡ ಹೊರುತ್ತಿದ್ದೆ. ಹೊತ್ತಷ್ಟೂ ಬಿಸಿ, ಬಿಸಿಯಾದಷ್ಟೂ ಇನ್ನೂ ಹೆಚ್ಚು ಎಳೆದುಕೊಳ್ಳುವ ಚಾಳಿ. ಇದು ನಮ್ಮ ಕುಲಕ್ಕೇ ಅಂಟಿದ ರೋಗ. ಯಾರೂ ಮುಂದೆ ಓಡದಂತೆ ಹಿಡಿಯಲು ಪ್ರತಿಯೊಬ್ಬರ ಕಾಲಿಗೂ ಒಂದೊಂದು ಬಿಳಿ ರೆಸಿಸ್ಟರ್ ಕಟ್ಟಿರುತ್ತಾರೆ. ಪಾಪ, ಅದೂ ಎಷ್ಟೆಂದು ಹಿಡಿದೀತು?

ಅದಕ್ಕೇ ಫಕ್ಕೀರಪ್ಪನವರದೊಂದು ಪದ್ಧತಿ ಇತ್ತು. ಕಾಲು ಗಂಟೆ ಕ್ಯಾಸೆಟ್ ಹಾಕಿ ಜೋರಾಗಿ ಹಾಡಿಸಿ, ಪ್ಲಗ್ ಕಿತ್ತ ಕೂಡಲೇ ನಾಲ್ಕು ಬೆರಳನ್ನು ನಾಲ್ವರ ನೆತ್ತಿಯ ಮೇಲೆ ಇಡುವರು. ಯಾವ ಬೆರಳು ಮೊದಲು ಸುಡುತ್ತದೋ ಅವನು ಬೇರೆಯವರ ಪಾಲೂ ಹೊರುತ್ತಿದ್ದಾನೆ ಎಂದರ್ಥ. ಮೂವತ್ತು ವರ್ಷ ಆ ಬೆರಳು ತಪ್ಪಿದ್ದಿಲ್ಲವೆಂದು ಊರೇ ಹೇಳುತ್ತಿತ್ತು.

ಮೊದಲ ಸಲ ಆ ಬೆರಳು ನನ್ನ ಮೇಲೆ ಬಂದಾಗ ನಾನು ಕುದಿಯುತ್ತಿದ್ದೆ. ಈಗ ತಿಳಿಯಿತು, ಈಗ ಕೈ ತೆಗೆಯುತ್ತಾರೆ ಎಂದು ಕಾದೆ. ಅವರು ತೆಗೆಯಲಿಲ್ಲ. ನಾಲ್ಕೂ ಸಮ ಇವೆ ಎಂದು ಮುಚ್ಚಳ ಮುಚ್ಚಿದರು.

ಆಟದ ನಡುವೆ ನಾನು ಎಳೆದ ಕರೆಂಟಿಗೆ ಫ್ಯೂಸ್ ಹೋಯಿತು. ಹಳ್ಳಿಯ ವೋಲ್ಟೇಜಿನದೇ ತಪ್ಪೆಂದು ಫಕ್ಕೀರಪ್ಪನವರು ಹೊಸ ಫ್ಯೂಸ್ ಹಾಕಿ ಕಳಿಸಿದರು. ಮುಂದಿನ ಆಟದಲ್ಲೂ ರಾಣಿ ಪಾತ್ರದವಳು ಬಾಯಿ ತೆರೆಯುವ ಹೊತ್ತಿಗೆ ಮತ್ತೆ ಹೋಯಿತು. ಇನ್ನೊಮ್ಮೆ ಹೀಗಾದರೆ ದಾವಣಗೆರೆಯ ರಿಪೇರಿಯವರಿಗೆ ಕೊಡುವೆನೆಂದು ಮಾಸ್ತರರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತೇಬಿಟ್ಟರು. ಮಾಸ್ತರರೇ ಬಿಟ್ಟರೆಂದರೆ ಉಳಿದ ಮೇಳಗಳೂ ಈ ಓಣಿಗೆ ಬರುವುದಿಲ್ಲ. ಇದು ಇಬ್ಬರಿಗೂ ಗೊತ್ತು. ಫಕ್ಕೀರಪ್ಪನವರು ನನ್ನತ್ತ ಬೊಟ್ಟು ಮಾಡಿದರು.

“ಇದು ಡುಪ್ಲಿಕೇಟ್ ಮಾಲ್ ಇರಬೇಕ್ರಿ.”

ನಕಲಿಯಂತೆ ನಾನು! ಉಳಿದವರ ಪಾಲನ್ನೂ ಹೊತ್ತವನು.

ಮತ್ತೆ ಕ್ಯಾಸೆಟ್ ಹಾಡಿತು. ಪ್ಲಗ್ ಕಿತ್ತರು. ನಾಲ್ಕು ಬೆರಳು ಇಳಿದವು. ಆಗಲೇ ಬುತ್ತಿ ಹಿಡಿದು ಬಂದ ಅವರ ಹೆಂಡತಿ ಸಾವಂತ್ರವ್ವ ಬಾಗಿಲಲ್ಲೇ ಮೂಗರಳಿಸಿ ನಿಂತರು. ಅಂಗಡಿಯಲ್ಲಿ ಸುಟ್ಟ ಚರ್ಮದ ವಾಸನೆ. ಬಂದವರೇ ಗಂಡನ ಕೈ ಎಳೆದು ಅಂಗೈ ಮೇಲೆ ಮಾಡಿ ನೋಡಿದರು. ತೋರುಬೆರಳಿನ ತುದಿ ಬೆಳ್ಳಗೆ ಬೊಕ್ಕೆ ಎದ್ದಿತ್ತು.

“ಉರೀಲಿಲ್ಲೇನ್ರಿ?”

ಸಾವಂತ್ರವ್ವ ತಮ್ಮ ಬೆರಳುಗಳನ್ನೇ ನಮ್ಮ ಮೇಲಿಟ್ಟರು. ದಿನಾ ಹಂಚಿನ ಮೇಲೆ ರೊಟ್ಟಿ ತಿರುವುವ ಬೆರಳು. ಆದರೂ ನನ್ನ ಮೇಲಿನದನ್ನು ಸರ್‍ರನೆ ಎಳೆದುಕೊಂಡು, ಇದೊಂದು ಕೆಂಡ ಆಗೇತಿ, ಉಳಿದ ಮೂರೂ ಉಗುರುಬೆಚ್ಚಗದಾವ ಎಂದರು.

ಮಾಸ್ತರರು ಗಂಡ–ಹೆಂಡಿರ ಮುಖ ನೋಡಿದರು. ಕಷ್ಟದಲ್ಲಿದ್ದವನಿಗೆ ದಾರಿ ಬಿಡುವವರ ಹಾಗೆ ಮೆಲ್ಲಗೆ ಕೇಳಿದರು: “ಅಂದ್ರ ಮಾಲ್ ಡುಪ್ಲಿಕೇಟ್ ಅಂದ್ಹಂಗಾತು. ಹೌದಲ್ಲೋ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಫಕ್ಕೀರಪ್ಪನವರು ಬೊಕ್ಕೆಯೆದ್ದ ಬೆರಳನ್ನೇ ನೋಡುತ್ತ ಕುಳಿತಿದ್ದರು.

“ಇಲ್ರಿ ಮಾಸ್ತರ. ಮಾಲ್ ಚಲೋ ಐತಿ. ಸಕ್ರಿ ಬ್ಯಾನಿ ನನಗ. ವರ್ಷಾತು, ಬೆರಳಿಗೆ ಬಿಸಿ ತಿಳಿಯವಲ್ದು. ಮನ್ಯಾಗೂ ಹೇಳಿಲ್ಲ.”

ಸಾವಂತ್ರವ್ವ ಬುತ್ತಿಯ ಗಂಟು ಬಿಚ್ಚುವುದನ್ನು ನಿಲ್ಲಿಸಿದರು. ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಮಾಸ್ತರರು ಎದ್ದು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

“ನನ್ನ ಮ್ಯಾಳದಾಗ ರಾಜನ ಪಾರ್ಟಿನವಗ ಹಲ್ಲಿಲ್ಲ, ಅವನ ಪದಾ ಹಿಂದಿನವರು ಹಾಡ್ತಾರ. ನೀ ರಿಪೇರಿ ಮಾಡು, ಬೆರಳ ಸಾವಂತ್ರಕ್ಕ ಇಡ್ಲಿ. ಶುಕ್ರವಾರ ಒಯ್ತೀನಿ.”

ಆಂಪ್ಲಿಫೈಯರ್ ಶುಕ್ರವಾರ ಹೋಯಿತು, ನನ್ನನ್ನು ಬಿಟ್ಟು. ನನ್ನ ಜಾಗಕ್ಕೆ ಆ ಮೂವರಿಗೆ ಸರಿಹೊಂದುವವನೊಬ್ಬ ಸಿಕ್ಕಿದ್ದ. ಅಂದಿನಿಂದ ಪ್ರತಿ ಮಧ್ಯಾಹ್ನ ಬುತ್ತಿಯ ಜೊತೆ ಆ ಬೆರಳುಗಳೂ ಅಂಗಡಿಗೆ ಬರುತ್ತವೆ. ಕೆಲಸ ತಪ್ಪಿಲ್ಲ. ಮೇಳಗಳೂ ಬರುತ್ತಿವೆ.

ನಾನು ಮೇಜಿನ ಮೂಲೆಯಲ್ಲಿದ್ದೇನೆ. ನನ್ನಷ್ಟೇ ಚುರುಕಾದ ಇನ್ನು ಮೂವರು ಸಿಕ್ಕರೆ ನನಗೂ ಒಂದು ಸಾಲು ಸಿಕ್ಕೀತು. ಇಷ್ಟು ವರ್ಷದಲ್ಲಿ ಒಬ್ಬನೂ ಬಂದಿಲ್ಲ. ಹೆಚ್ಚು ಹೊರಬಲ್ಲವನಿಗೆ ಜೊತೆ ಸಿಗುವುದು ಕಷ್ಟ ಎಂದು ಈಗೀಗ ಅನಿಸುತ್ತದೆ. ಅದು ಹೆಮ್ಮೆಯ ಮಾತಲ್ಲ.

ಗಿರಾಕಿಗಳಿಲ್ಲದಾಗ ಫಕ್ಕೀರಪ್ಪನವರು ನನ್ನನ್ನು ಎತ್ತಿಕೊಂಡು, ತೋರುಬೆರಳನ್ನು ನೆತ್ತಿಯ ಮೇಲಿಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿ ಕೂರುತ್ತಾರೆ. ನಾನು ತಣ್ಣಗಿದ್ದೇನೆ ಎಂದು ಅವರಿಗೆ ಹೇಳುವುದು ಹೇಗೆ ಎಂದು ನನಗೆ ತಿಳಿಯುವುದಿಲ್ಲ.