ಮೂರು ಸೀಟಿನ ಸಾಲು

ಕರಿಬಸವಯ್ಯ ಪ್ಲಾಸ್ಟಿಕ್ ಕುರ್ಚಿಯಿಂದ ಎರಡನೇ ಸಲ ಜಾರುವಾಗ ತಮ್ಮನ ಮಗ ಮಹಾಂತೇಶ ಕಂಕುಳಿಗೆ ಕೈಕೊಟ್ಟು ಹಿಡಿದ. ಲಿಂಗಾಯತರ ಮನೆಯ ಸಾವು. ಸತ್ತವರನ್ನು ಕೂರಿಸಬೇಕು, ಕೂರಿಸಿಯೇ ಮಣ್ಣು ಮಾಡಬೇಕು. ಬದುಕಿದ್ದಾಗ ಕೂರದವನು ಈಗ ಎಲ್ಲಿ ಕೂರುತ್ತಾನೆ ಎಂದುಕೊಂಡು ಸಿದ್ದಲಿಂಗಮ್ಮ ಗೋಡೆಗೊರಗಿ ನೋಡುತ್ತಿದ್ದಳು. ಗಂಡ ಹೋಗಿ ಏಳು ಗಂಟೆಯಾದರೂ ಅಳು ಬಂದಿರಲಿಲ್ಲ. ಅತ್ತು ಸುಸ್ತಾದವರಿಗೆ ನೀರು ಕೊಟ್ಟವಳೂ ಅವಳೇ.

"ಗಟ್ಟಿ ಕುರ್ಚಿ ಇದ್ಯಾ ದೊಡ್ಡಮ್ಮ?" ಎಂದ ಮಹಾಂತೇಶ.

ಮನೆಯಲ್ಲಿ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಾಗೀಶ, ಕನಕಾಂಬರ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ ಆಪರೇಟರು, ಟಾಕೀಸನ್ನು ಕೆಡವುತ್ತಿದ್ದಾರೆ, ಕುರ್ಚಿಗಳೆಲ್ಲ ಅಂಗಳದಲ್ಲಿ ಬಿದ್ದಿವೆ, ಒಂದು ತರುತ್ತೇನೆ ಎಂದು ಗೂಡ್ಸ್ ಆಟೊ ಹಿಡಿದು ಹೋದ.

*

ದೇವರಾಜ ಮೊಹಲ್ಲಾದಲ್ಲಿ ನಾಟಕದ ಕಂಪನಿಯೊಂದು ಹಾಕಿದ್ದ ತಗಡಿನ ಕೊಟ್ಟಿಗೆಯೇ ಮುಂದೆ ಗಾರೆಗೋಡೆ ಕಂಡು, ಬೆಳ್ಳಿಪರದೆ ಕಂಡು, ಬಾಲ್ಕನಿ ಏರಿಸಿಕೊಂಡು ಕನಕಾಂಬರ ಟಾಕೀಸಾಗಿತ್ತು. ಅದರ ಗೇಟಿನಲ್ಲಿ ಕರಿಬಸವಯ್ಯ ಮೂವತ್ತೆರಡು ವರ್ಷ ಟಿಕೆಟ್ ಹರಿದ. ಟಾರ್ಚು ಬಿಟ್ಟು ಊರವರನ್ನೆಲ್ಲ ಕೂರಿಸಿದ. ಹೆಂಡತಿಯನ್ನೂ ಹಾಗೇ ಕೂರಿಸಿ, ಪಕ್ಕದ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದ. ಬೇರೆ ಟಾಕೀಸಿಗೆ ಕರೆದರೆ ಬರುವ ಆಸಾಮಿಯಲ್ಲ; ಉಂಡ ಮನೆಗೆ ದ್ರೋಹವಂತೆ. ಒಂದೇ ಒಂದು ಸಲ ಇಬ್ಬರೂ ಪಕ್ಕಪಕ್ಕ ಕೂತು ಸಿನಿಮಾ ನೋಡಬೇಕು ಎಂಬುದು ಸಿದ್ದಲಿಂಗಮ್ಮನ ಆಸೆ. ಇದನ್ನು ದೊಡ್ಡ ಆಸೆ ಎನ್ನಲು ಅವಳಿಗೇ ನಾಚಿಕೆಯಾಗುತ್ತಿತ್ತು.

೧೯೯೬ರಲ್ಲಿ, ಹತ್ತು ಜನವೂ ಇಲ್ಲದ ಮ್ಯಾಟಿನಿಯೊಂದರಲ್ಲಿ, ಅವಳು ಅವನ ತೋಳು ಹಿಡಿದೇಬಿಟ್ಟಳು.

"ಯಾರವ್ರೆ ನೋಡೋಕೆ? ಒಂದ್ಗಳಿಗೆ ಕೂತ್ಕೊಳ್ಳಿ."

"ಡ್ಯೂಟಿ ಮೇಲೆ ಕೂರಬಾರ್ದು ಕಣೆ. ಕೊನೇ ಆಟದ ದಿನ ನಿನ್ ಪಕ್ಕ ಕೂತು ಪೂರ್ತಿ ನೋಡ್ಬುಡ್ತೀನಿ."

ಕೊನೆಯ ಆಟ ಯಾವುದೆಂದು ಯಾರಿಗೂ ತಿಳಿಯಲಿಲ್ಲ. ೨೦೦೧ರ ಒಂದು ಬುಧವಾರ ಅವನು ಕೆಲಸಕ್ಕೆ ಹೋದಾಗ ಗೇಟಿಗೆ ಬೀಗ ಬಿದ್ದಿತ್ತು, ಅಷ್ಟೆ. ಹೇಳಿ ಕಳುಹಿಸುವ ಗೋಜಿಗೆ ಮಾಲೀಕರು ಹೋಗಿರಲಿಲ್ಲ. ಮನೆಗೆ ಬಂದವನು, ನಿನ್ನೆಯದೇ ಕೊನೆಯದಾಗಿತ್ತಂತೆ ಎಂದು ಹೇಳಿ ಮುಖ ತೊಳೆಯಲು ಹೋದ. ಅವತ್ತು ಬಂದ ಸಿಟ್ಟು ಅವನ ಮೇಲೋ ಬೀಗದ ಮೇಲೋ ಸಿದ್ದಲಿಂಗಮ್ಮನಿಗೆ ಗೊತ್ತಾಗಲೇ ಇಲ್ಲ. ಆಮೇಲಿನ ಮೂರು ವರ್ಷ ಇಬ್ಬರೂ ಆ ಮಾತೆತ್ತಲಿಲ್ಲ.

*

ವಾಗೀಶ ತಂದದ್ದು ಒಂದು ಕುರ್ಚಿಯಲ್ಲ. ಒಂದೇ ಕಬ್ಬಿಣಕ್ಕೆ ಬೆಸೆದ ಮೂರು ಸೀಟಿನ ಸಾಲು. ಬಿಡಿಸೋಕಾಗಲಿಲ್ಲ ಎಂದು ಸಂಕೋಚದಿಂದ ಹೇಳಿದ. ನಡುಮನೆ ತುಂಬಿಹೋಯಿತು. ಇದೇನು ಸಾವಿನ ಮನೆಯೋ ಸಿನಿಮಾ ಮನೆಯೋ ಎಂದು ಹಿರಿಯರಾದ ಚಿಕ್ಕಬಸವಯ್ಯ ಗೊಣಗಿದರು. ಪೂಜೆಗೆ ಬಂದಿದ್ದ ಅಯ್ಯನವರು ಮಾತ್ರ, ಗಟ್ಟಿಯಾಗಿದ್ದರೆ ಸಾಕು ಎಂದರು.

ಕರಿಬಸವಯ್ಯನನ್ನು ನಡುವಿನ ಸೀಟಿನಲ್ಲಿ ಕೂರಿಸಿ, ಎದೆಗೆ ಶಲ್ಯ ಕಟ್ಟಿದರು. ಈ ಸಲ ಜಾರಲಿಲ್ಲ. ಹಣೆಗೆ ವಿಭೂತಿ ಹಚ್ಚಿ ಹಾರ ಹಾಕಿದರು. ಬಂದವರು ಕೈಮುಗಿದು ನೆಲದ ಮೇಲೆ ಕೂತರು.

ಸಿದ್ದಲಿಂಗಮ್ಮ ಗೋಡೆ ಬಿಟ್ಟು ಬಂದು ಅವನ ಎಡಗಡೆ ಕೂತಳು.

"ಏಳವ್ವ, ಅಲ್ಲಿ ಕೂರಬಾರ್ದು," ಎಂದರು ಚಿಕ್ಕಬಸವಯ್ಯ.

"ಕೂತ್ಕೋತೀನಿ ಅಂದಿದ್ರು, ಮಾವ," ಎಂದಳು.

ಚಿಕ್ಕಬಸವಯ್ಯನವರಿಗೆ ಏನೂ ಅರ್ಥವಾಗಲಿಲ್ಲ. ಎದುರಿಗೆ ತೆರೆದ ಬಾಗಿಲು, ಬಾಗಿಲಾಚೆ ಬನ್ನಿಮಂಟಪದ ಬಿಸಿಲು. ಒಬ್ಬ ಸೈಕಲ್ ತಳ್ಳಿಕೊಂಡು ಹೋದ. ಇಬ್ಬರು ಹೆಂಗಸರು ಇಣುಕಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ಅವಳು ಎಲ್ಲವನ್ನೂ ನೋಡಿದಳು. ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೂತಿದ್ದಳು, ಅಷ್ಟೆ.

ಹೊತ್ತಾಯಿತೆಂದು ಅಯ್ಯನವರು ಹೇಳಿದರು. ಮಹಾಂತೇಶ ಶಲ್ಯ ಬಿಚ್ಚಿದ. ನಾಲ್ವರು ಸೇರಿ ಕರಿಬಸವಯ್ಯನನ್ನು ಎತ್ತಿ ಹೊರಗೆ ಒಯ್ದರು. ಭಾರ ಇಳಿದ ಸೀಟು ತಾನಾಗಿಯೇ ಮೇಲಕ್ಕೆ ಮಡಚಿಕೊಳ್ಳತೊಡಗಿತು. ಸಿದ್ದಲಿಂಗಮ್ಮ ಬಾಗಿಲಿನಿಂದ ಕಣ್ಣು ತೆಗೆಯದೆ ಕೈ ಚಾಚಿ, ಅದನ್ನು ಕೆಳಗೊತ್ತಿ ಹಿಡಿದುಕೊಂಡಳು.