ಎಣ್ಣೆ, ನೀರು ಮತ್ತು ನನ್ನ ಹೊಟ್ಟೆ

ನಾನು ಒಂದು ಗಾಜಿನ ಆಲಿಕೆ. ಅಡುಗೆಮನೆಯ ಆಲಿಕೆಯಲ್ಲ ಮತ್ತೆ! ನನಗೆ ಮೇಲೆ ಮುಚ್ಚಳವಿದೆ, ಪೇರಲ ಹಣ್ಣಿನಂಥ ಹೊಟ್ಟೆಯಿದೆ, ಕೆಳಗೆ ತಿರುಗಿಸುವ ನಲ್ಲಿಯಿದೆ. ಎಣ್ಣೆ, ನೀರು ಹಾಕಿ ಕುಲುಕಿಟ್ಟರೆ ಎರಡನ್ನೂ ಬೇರೆ ಮಾಡಿಕೊಡುವುದು ನನ್ನ ಕಸುಬು. ಹುಬ್ಬಳ್ಳಿಯ ಮಕ್ತುಮಸಾಬರು ಬೆಂಕಿಯ ಮುಂದೆ ಕೂತು, ಕೆನ್ನೆ ಉಬ್ಬಿಸಿ ಊದಿ ನನ್ನನ್ನು ಹುಟ್ಟಿಸಿದರು.

ಅಲ್ಲಿಂದ ಧಾರವಾಡದ ಒಂದು ಕಾಲೇಜಿಗೆ, ರಸಾಯನಶಾಸ್ತ್ರದ ಕಟ್ಟೀಮನಿ ಸರ್ ಕೈಗೆ ಬಂದೆ. ದ್ರಾವಣ ತಿಳಿಯಾಗಿರಬೇಕು ಎನ್ನುವುದು ಅವರ ಹಟ. ಸ್ವಲ್ಪ ಕದಡಿದಂತೆ ಕಂಡರೂ ಸಾಕು, ಸ್ಪಿರಿಟ್ ಸುರಿದು ಎಲ್ಲವನ್ನೂ ಕರಗಿಸಿ ಒಂದು ಮಾಡಿಬಿಡುತ್ತಿದ್ದರು. ಆಮೇಲೆ ಅವರಲ್ಲಿ ಪಿಎಚ್‌ಡಿ ಮಾಡಲು ಬಂದ ನೀಲಾಂಬಿಕೆಯ ಪಾಲಾದೆ. ಅವಳು ನನ್ನನ್ನು ಕೂಸಿಗೆ ಎರೆದಂತೆ ತೊಳೆಯುತ್ತಿದ್ದಳು.

ಒಮ್ಮೆ ಸ್ಪಿರಿಟ್ ಮುಗಿದಿತ್ತು. ಒಂದರೊಡನೊಂದು ಕೂಡಿ ಬಿಳಿ ಪುಡಿಯಾಗಬೇಕಾದ ಎಣ್ಣೆಯಂಥ ಎರಡು ದ್ರವಗಳನ್ನು ಅವಳು ಬರೀ ನೀರಿಗೆ ಹಾಕಿ ಕುಲುಕಿದಳು. ಅಬ್ಬಾ, ನನ್ನ ಹೊಟ್ಟೆಯೊಳಗೆ ಏನು ಗಡಿಬಿಡಿ! ಎಣ್ಣೆ ಸಣ್ಣ ಸಣ್ಣ ಹನಿಯಾಯಿತು. ಹನಿಯ ಒಳಗೆ ಸೋಮಾರಿಯಂತಿದ್ದ ಕಣಗಳು ನೀರು ತಾಗುವ ಅಂಚಿಗೆ ಬಂದದ್ದೇ ತಡ, ಒಂದನ್ನೊಂದು ಹಿಡಿದುಕೊಂಡವು. ಸ್ಪಿರಿಟ್‌ನಲ್ಲಿ ಇಡೀ ದಿನ ಹಿಡಿಯುತ್ತಿದ್ದ ಕೆಲಸ ಅವಳು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದು, ಬಿಳಿ ಪುಡಿ ತಳಕ್ಕೆ ಕೂತಿತ್ತು.

ಹೊಸ ಸ್ಪಿರಿಟ್ ಬಂದ ಮೇಲೆ ಸರ್ ಮುಂದೆಯೂ ಬರೀ ನೀರಿನಲ್ಲೇ ಕುಲುಕಿ ತೋರಿಸಲು ಹೊರಟಳು.

"ಏನವಾ ಇದು, ಮಜ್ಜಿಗಿ ಆಗೇತಲ್ಲ!" ಎಂದು ಸರ್ ಅಭ್ಯಾಸಬಲದಿಂದ ಸ್ಪಿರಿಟ್ ಸುರಿದೇಬಿಟ್ಟರು. ಎಲ್ಲಾ ತಿಳಿಯಾಯಿತು. ಎಷ್ಟು ಕಾದರೂ ಪುಡಿಯ ಸುಳಿವಿಲ್ಲ. "ಮೊನ್ನೆ ಏನೋ ಕೈತಪ್ಪು ಆಗೇತಿ. ಪ್ರಬಂಧದಾಗಿಂದ ಈ ನೀರಿನ ಅಧ್ಯಾಯ ತಗದುಬಿಡು," ಎಂದರು.

ಅವಳ ಪ್ರಬಂಧದ ಜೀವವೇ ಆ ಅಧ್ಯಾಯ. ಆದರೂ ಅವಳು ಅಂದು ಸಂಜೆ ನನ್ನನ್ನು ಎಂದಿನಂತೆಯೇ ತೊಳೆದಿಟ್ಟಳು.

ಮರುದಿನ ಅವಳು ಎಣ್ಣೆ, ನೀರು ತುಂಬಿ ನನ್ನನ್ನು ಅವರ ಕೈಗೇ ಕೊಟ್ಟಳು. "ಸರ್, ಇವತ್ತ ನೀವ ಕುಲುಕ್ರಿ. ಸ್ಪಿರಿಟ್ ಮಾತ್ರ ಮುಟ್ಟಬ್ಯಾಡ್ರಿ."

ಸರ್ ಗೊಣಗುತ್ತಲೇ ಕುಲುಕಿದರು. ನಾನೂ ಜೀವ ಬಿಟ್ಟು ಅಲುಗಾಡಿದೆ. ಪುಡಿ ಇಳಿಯತೊಡಗಿದಾಗ ಅವರು "ಅರೆ ಇದರ!" ಎಂದು ಖುಷಿಯಲ್ಲಿ ನನ್ನನ್ನು ಮೇಜಿಗೆ ಕುಕ್ಕಿದರು. ನಲ್ಲಿ ಚಟ್ಟನೆ ಸೀಳಿತು.

ಅಲ್ಲಿಗೆ ನನ್ನ ದುಡಿಮೆ ಮುಗಿಯಿತು. ಈಗ ಕಪಾಟಿನ ಮೂಲೆಯಲ್ಲಿದ್ದೇನೆ. ಬೇಸರವಿಲ್ಲ. ಎಲ್ಲರೂ ಕರಗಿ ಒಂದಾದರೇ ಕೆಲಸವಾಗುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ನಗು ಬರುತ್ತದೆ.

ನೀಲಾಂಬಿಕೆಯ ಮೌಖಿಕ ಪರೀಕ್ಷೆ ಈ ಕಪಾಟಿನ ಎದುರಿಗೇ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಸರ್ ಕಡೆ ತಿರುಗಿ, "ಅಲ್ರೀ, ಸ್ಪಿರಿಟ್ ಹಾಕಿ ತಿಳಿ ಮಾಡಿದ್ರ ಇನ್ನೂ ಲಗೂನ ಆಗ್ತಿತ್ತಲ್ಲ?" ಎಂದರು.

"ಇಕಿನ್ನ ಕೇಳ್ರಿ," ಎಂದರು ಸರ್. "ನನಗೂ ಇಕಿನ ಕಲಿಸ್ಯಾಳ."

"ಸ್ಪಿರಿಟ್ ಬ್ಯಾಡ್ರಿ ಸರ್, ಬರೇ ನೀರ ಸಾಕು," ಎಂದು ನೀಲಾಂಬಿಕೆ ಉತ್ತರ ಶುರು ಮಾಡಿದಳು. ಸರ್ ತಮ್ಮ ನೀರಿನ ಲೋಟವನ್ನು ಅವಳ ಮುಂದೆ ಸರಿಸಿದರು.