ಶನಿವಾರದ ಊಟ

ಶನಿವಾರ ದೋಣಿಯಲ್ಲಿ ಮಧ್ಯಾಹ್ನದ ಊಟಕ್ಕೆ ಏನಿರಬೇಕು ಎಂಬುದನ್ನು ಸಣ್ಣ ವಿಷಯವೆಂದು ತಿಳಿದವರು ಕಡಲತಡಿಯ ಲಾ ಪಾಸ್ ಊರಿನ ದೋಣಿಯವರ ಮನೆಯಲ್ಲಿ ಒಂದು ದಿನವೂ ಕಳೆದವರಲ್ಲ. ದೇಶದೇಶಗಳ ಗಡಿಗಳೇ ಇದಕ್ಕಿಂತ ಕಡಿಮೆ ಮಾತಿನಲ್ಲಿ ತೀರ್ಮಾನವಾದದ್ದುಂಟು. ಗುರುವಾರ ಮಧ್ಯಾಹ್ನ ನಾಬೊರ್‌ನ ಅಡುಗೆಮನೆಯಲ್ಲಿ ಎರಡು ಪಕ್ಷಗಳಿದ್ದವು: ಒಂದು ಬುರೀತೊ ಪಕ್ಷ, ಇನ್ನೊಂದು ಸೆವಿಚೆ ಪಕ್ಷ. ಮೂರನೆಯವಳು, ನಾಬೊರ್‌ನ ನಾದಿನಿ ಲೆಯೊಕಾದಿಯಾ, ಯಾವ ಪಕ್ಷಕ್ಕೂ ಸೇರದೆ ಮೇಜಿನ ತುದಿಯಲ್ಲಿ ಕೂತು, ಕಡಲೊಳಗೆ ಮುಳುಗುವಾಗ ಹಾಕಿಕೊಳ್ಳುವ ಕನ್ನಡಕವನ್ನು ಒರೆಸುತ್ತಿದ್ದಳು. ಒರೆಸಿ ಆಗಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

"ನನ್ನ ಮಣಿಕಟ್ಟು ಬಿದ್ದುಹೋಗಿದೆ," ಎಂದಳು ನಾಬೊರ್‌ನ ಹೆಂಡತಿ ಎರ್ಮಿನಿಯಾ. "ಬೆಳಕು ಹರಿಯೋ ಮುಂಚೆ ಎದ್ದು, ಹಿಟ್ಟು ನಾದಿ, ರೊಟ್ಟಿ ಸುಟ್ಟು, ಮೀನಿನ ಪಲ್ಯ ತುಂಬಿ ಅಷ್ಟು ಜನಕ್ಕೆ ಬುರೀತೊ ಸುತ್ತಿಕೊಡೋಕೆ ನನ್ನ ಕೈಲಾಗಲ್ಲ. ಮೀನು, ನಿಂಬೆಹಣ್ಣು, ಈರುಳ್ಳಿ, ಮೆಣಸಿನಕಾಯಿ ಡಬ್ಬಿಗೆ ಹಾಕ್ಕೊಡ್ತೀನಿ. ದೋಣಿಯಲ್ಲೇ ಹೆಚ್ಚಿ, ರಸ ಹಿಂಡಿ, ಸೆವಿಚೆ ಮಾಡ್ಕೊಳ್ಳಿ. ಎಲ್ಲ ದೋಣಿಯವರೂ ಮಾಡ್ತಾರೆ."

"ಜನರನ್ನ ಮರಳಿಗೆ ಇಳಿಸಿ ಫೋಟೋ ತೆಗೆಸೋ ದೋಣಿಯವರು ಮಾಡ್ತಾರೆ," ಎಂದ ನಾಬೊರ್. "ಕೆಳಗೆ ಜನ ಮುಳುಗಿರೋವಾಗ ಮೇಲೆ ಕೂತು ಈರುಳ್ಳಿ ಹೆಚ್ಚೋನು ಕ್ಯಾಪ್ಟನ್ ಅಲ್ಲ, ಅಡುಗೆಭಟ್ಟ."

"ಅಡುಗೆಭಟ್ಟ ಹಸಿವಿಂದ ಸತ್ತಿದ್ದು ನಾನಂತೂ ಕೇಳಿಲ್ಲ."

"ನಾನಿನ್ನೂ ಕ್ಯಾಪ್ಟನ್ನೇ, ಮಾರಾಯ್ತಿ."

ಎರ್ಮಿನಿಯಾ ಮಣಿಕಟ್ಟು ನೀವಿಕೊಂಡಳು. ಅವಳ ಮಣಿಕಟ್ಟಿನ ನೋವು ಹೊಸದು. ಕಳೆದ ವಾರವಷ್ಟೇ ಶುರುವಾದದ್ದು.

ಮೇಜಿನ ಮೇಲಿದ್ದ ಫೋನು ಮತ್ತೆ ಗುರುಗುಟ್ಟಿತು. ಶನಿವಾರದ ಗಿರಾಕಿಗಳು ಕಡಲೊಳಗೆ ಮುಳುಗಿ ನೋಡುವ ಹವ್ಯಾಸಿಗಳ, ದೊಡ್ಡ ಊರಿನ ಯಾವುದೋ ಸಂಘದವರು. ಅವರ ಮುಖಂಡ ಹಲ್ಲಿನ ಡಾಕ್ಟರು, ಬೆಳಗಿನಿಂದ ಪ್ರಶ್ನೆ ಕಳಿಸುತ್ತಲೇ ಇದ್ದ.

"ಕಡಲಸಿಂಹಗಳು ಎಷ್ಟು ಹೊತ್ತಿಗೆ ಬರ್ತವೆ ಅಂತ ಕೇಳ್ತಿದ್ದಾನೆ," ಎಂದಳು ಎರ್ಮಿನಿಯಾ. "ಬಂಡೆ ಅವುಗಳದ್ದೇ, ಬರೋರು ನೀವು ಅಂತ ಬರೀಲಾ?"

"ಬೆಳಿಗ್ಗೆ ಅಂತ ಬರಿ. ಜಗಳ ಬೇಡ."

ಅಲ್ಲಿಯ ದೋಣಿಯವರು ಅವನ್ನು ಕಡಲತೋಳ ಎನ್ನುತ್ತಾರೆ. ಸಿಂಹ ಎನ್ನುವವರು ದುಡ್ಡು ಕೊಟ್ಟು ನೋಡಲು ಬರುವವರು. ಪ್ರಾಣಿ ಎರಡಕ್ಕೂ ಓಗೊಡುವುದಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಅವು ಮರಿ ಹಾಕುವ ಕಾಲವೆಂದು ಬಂಡೆಯ ಸುತ್ತ ಯಾರೂ ನೀರಿಗೆ ಇಳಿಯದಂತೆ ಮುಚ್ಚುತ್ತಾರೆ. ಹಾಗಾಗಿ ಈ ಶನಿವಾರವೇ ಈ ಸಲದ ಕೊನೆಯದು. ಗಂಡುಗಳು ಆಗಲೇ ತಮ್ಮ ತಮ್ಮ ಜಾಗ ಹಿಡಿದು, ಮೇರೆಯುದ್ದಕ್ಕೂ ಈಜಿ ಕಾವಲು ಕಾಯುತ್ತಿದ್ದವು.

ಲೆಯೊಕಾದಿಯಾ ಅಕ್ಕನ ಮುಖ ನೋಡಿದಳು. ಅಕ್ಕ ತಂಗಿಯ ಮುಖ ನೋಡಿದಳು. ಇವತ್ತು ಹೇಳಿಬಿಡಬೇಕು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಯಾರು ಹೇಳಬೇಕೆಂದು ಮಾತ್ರ ಮಾತಾಡಿಕೊಂಡಿರಲಿಲ್ಲ.

ಕಳೆದ ವಾರ ನಡೆದದ್ದು ಇಷ್ಟು. ಜನ ಮುಳುಗಿದ ಮೇಲೆ ದೋಣಿ ಲಂಗರು ಹಾಕಿ ನಿಲ್ಲುವುದಿಲ್ಲ. ಅವರ ಉಸಿರಿನ ಗುಳ್ಳೆಗಳು ನೀರಿನ ಮೇಲೆ ಏಳುವುದನ್ನು ನೋಡುತ್ತ ಮೆಲ್ಲಗೆ ಹಿಂಬಾಲಿಸುತ್ತದೆ. ತಲೆ ನರೆಯುವವರೆಗೂ ನಾಬೊರ್ ಮಾಡಿಕೊಂಡು ಬಂದದ್ದು ಈ ಕೆಲಸವನ್ನೇ. ಆ ದಿನವೂ ಅವನು ಗುಳ್ಳೆಗಳನ್ನು ನಿಷ್ಠೆಯಿಂದ ಹಿಂಬಾಲಿಸಿ ಬಂಡೆಯ ಬಡಗಣ ತುದಿಯ ತನಕ ಹೋದ. ಅವು ಒಂದು ಗಂಡು ಕಡಲಸಿಂಹದ ಗುಳ್ಳೆಗಳಾಗಿದ್ದವು.

ಗಿರಾಕಿಗಳನ್ನು ನೀರಿನೊಳಗೆ ಕರೆದೊಯ್ದಿದ್ದ ಲೆಯೊಕಾದಿಯಾ ಅವರೊಂದಿಗೆ ತೆಂಕಣ ತುದಿಯಲ್ಲಿ ಮೇಲೆದ್ದಳು. ನೀರಿನ ಸೆಳೆತ ಅವರನ್ನು ತೆರೆದ ಕಡಲಿನ ಕಡೆಗೆ ಒಯ್ಯುತ್ತಿತ್ತು. ಅವಳು ಕಿತ್ತಳೆ ಬಣ್ಣದ ಉದ್ದ ಬಲೂನನ್ನು ಊದಿ ಎತ್ತಿ ಹಿಡಿದಳು. ಸೀಟಿ ಊದಿದಳು. ದೂರದಲ್ಲಿ ಭಾವ ನೀರಿನತ್ತ ಬಾಗಿ ಕೂತು, ಆ ದಢೂತಿ ಪ್ರಾಣಿಯನ್ನು ಕೂಸಿನಂತೆ ಕಾಯುತ್ತಿರುವುದು ಅವಳಿಗೆ ಕಾಣುತ್ತಿತ್ತು. ಭಾವನಿಗೆ ಅವಳು ಕಾಣುತ್ತಿರಲಿಲ್ಲ. ಕೊನೆಗೆ ಇನ್ನೊಂದು ದೋಣಿಯ ಸಿರಿಲೊ ಭಾವನ ದೋಣಿಯ ಪಕ್ಕಕ್ಕೆ ಹೋಗಿ ಕೂಗಿ ಹೇಳಬೇಕಾಯಿತು.

"ಸೆಳೆತ ಜೋರಿತ್ತು," ಎಂದಿದ್ದ ನಾಬೊರ್, ಅವಳನ್ನು ಮೇಲೆಳೆದುಕೊಳ್ಳುತ್ತ.

"ಹೌದು ಭಾವ," ಎಂದಿದ್ದಳು ಲೆಯೊಕಾದಿಯಾ. ಆಮೇಲೆ ಆ ಮಾತು ಯಾರೂ ಎತ್ತಿರಲಿಲ್ಲ.

ಊಟದ ವಿಷಯ ಸದ್ಯಕ್ಕೆ ಬಗೆಹರಿಯುವಂತಿರಲಿಲ್ಲ. ನಾಬೊರ್ ಎಂದಿನಂತೆ ಮೇಜಿನ ಮೇಲೆ ಕಡಲನ್ನು ಹರಡಲು ಶುರುಮಾಡಿದ. ಪ್ರತಿ ಸಲ ಹೊರಡುವ ಮುಂಚೆ ಇದು ಆಗಲೇಬೇಕು. ಉಪ್ಪಿನ ಡಬ್ಬಿ ಬಂಡೆಯಾಯಿತು. ನಿಂಬೆಹಣ್ಣು ದೋಣಿ. ಮುಳುಗುವವರು ಒಂದು ಹಿಡಿ ಹುರುಳಿಕಾಯಿ ಬೀಜ.

"ಇಲ್ಲಿ ಇಳೀರಿ," ಎಂದು ಬೀಜಗಳನ್ನು ಡಬ್ಬಿಯ ಪಕ್ಕಕ್ಕೆ ತಳ್ಳಿದ. "ಸೆಳೆತ ಹೀಗಿರುತ್ತೆ. ಬಂಡೆಯ ಗೋಡೆ ಹಿಡ್ಕೊಂಡು ಹೀಗೆ ಬರ್ತೀರಿ. ನಾನು ಹಿಂದೇನೇ ಇರ್ತೀನಿ." ನಿಂಬೆಹಣ್ಣು ಬೀಜಗಳ ಹಿಂದೆ ಉರುಳಿತು.

ಲೆಯೊಕಾದಿಯಾ ಬುಟ್ಟಿಯಿಂದ ಒಂದು ಬೆಳ್ಳುಳ್ಳಿ ಗಡ್ಡೆ ತೆಗೆದು ಡಬ್ಬಿಯ ಆಚೆ ಬದಿಗೆ ಇಟ್ಟಳು.

"ಇದೇನೇ?"

"ಗಂಡು ತೋಳ, ಭಾವ."

ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತಿದ್ದ ಎರ್ಮಿನಿಯಾ ನೀರು ನಿಲ್ಲಿಸಿದಳು.

"ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ನೀವೇ ಹೇಳ್ಕೊಟ್ಟಿದ್ರಿ," ಎಂದಳು ಲೆಯೊಕಾದಿಯಾ. ಕಣ್ಣು ಬೆಳ್ಳುಳ್ಳಿಯ ಮೇಲಿತ್ತು. "ಮನುಷ್ಯನ ಗುಳ್ಳೆ ಯಾವ್ದು, ತೋಳದ ಗುಳ್ಳೆ ಯಾವ್ದು ಅಂತ."

"ಮನುಷ್ಯಂದು ಮುದುಕನ ಕೆಮ್ಮಿನ ಹಾಗೆ," ಎಂದ ನಾಬೊರ್. ಈ ಪಾಠ ಹೇಳುವಾಗ ಅವನ ದನಿಗೆ ಯಾವಾಗಲೂ ಸ್ವಲ್ಪ ಜೀವ ಬರುತ್ತಿತ್ತು. "ಬಿಟ್ಟು ಬಿಟ್ಟು, ಅದೇ ಅಳತೆಯಲ್ಲಿ ಬರ್ತಾ ಇರುತ್ತೆ. ತೋಳದ್ದು ನಿಮ್ಮಕ್ಕನ ಬೈಗುಳದ ಹಾಗೆ. ಒಂದೇ ಸಲ ಬುಳುಬುಳು ಅಂತ ಸುರಿದು ಮುಗಿದುಹೋಗುತ್ತೆ. ಆಮೇಲೆ ಇನ್ನೊಂದು ಕಡೆ ಶುರು."

"ದೋಣಿಯಿಂದ ನೋಡಿದ್ರೆ ಗೊತ್ತಾಗುತ್ತಾ, ಭಾವ?"

ನಾಬೊರ್ ನಿಂಬೆಹಣ್ಣಿನ ಮೇಲೆ ಬೆರಳಿಟ್ಟು ಕೂತ. ಅಂಗಳದಲ್ಲಿ ಒಣಗಲು ಹಾಕಿದ್ದ ರಬ್ಬರಿನ ಉಡುಪುಗಳು, ತಲೆಯಿಲ್ಲದ ಜನರ ಸಾಲಿನಂತೆ, ಗಾಳಿಗೆ ಒಂದನ್ನೊಂದು ತಟ್ಟುತ್ತಿದ್ದವು. ಅವನು ಆ ಕಡೆಗೇ ನೋಡುತ್ತಿದ್ದ, ಕಣ್ಣು ಕಿರಿದು ಮಾಡಿಕೊಂಡು.

"ಮೊದಲೆಲ್ಲ ಗೊತ್ತಾಗ್ತಿತ್ತು," ಎಂದ.

ಫೋನು ಇನ್ನೊಮ್ಮೆ ಗುರುಗುಟ್ಟಿ ಸುಮ್ಮನಾಯಿತು. ನಾಬೊರ್ ಬೀಜಗಳನ್ನು ಒಂದೊಂದಾಗಿ ಅಂಗೈಗೆ ಆಯ್ದುಕೊಂಡು, ಎದ್ದು ಹೋಗಿ, ಗಾಜಿನ ಜಾಡಿಗೆ ಸುರಿದ. ಬೆಳ್ಳುಳ್ಳಿ ಬುಟ್ಟಿಗೆ ಹೋಯಿತು. ನಿಂಬೆಹಣ್ಣನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡು, ಹಣ್ಣಾಗಿದೆಯೇ ಎಂದು ನೋಡುವವನಂತೆ ಹಿಸುಕುತ್ತ ನಿಂತ.

"ಈರುಳ್ಳಿ ಸಣ್ಣಗೆ ಹೆಚ್ಚಬೇಕು," ಎಂದ ಕೊನೆಗೆ. "ದಪ್ಪದಪ್ಪ ಹೆಚ್ಚಿದ್ರೆ ಅದು ಸೆವಿಚೆ ಅಲ್ಲ, ದನದ ಮೇವು."

ಎರ್ಮಿನಿಯಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಯಾರು ಹೆಚ್ಚೋದು?"

"ಲೆಯೊ ನೀರೊಳಗಿರ್ತಾಳೆ. ಇನ್ಯಾರು? ನಾನೇ." ನಿಂಬೆಹಣ್ಣು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು. "ಎರಡು ಕೈಯೂ ಮೀನಲ್ಲಿರುತ್ತೆ. ಚುಕ್ಕಾಣಿ ಹಿಡಿಯೋಕೆ ಒಬ್ಬ ಬೇಕಾಗ್ತಾನೆ. ಸಿರಿಲೊಗೆ ಹೇಳಿ."

"ಅವನು ದೋಣಿ ಬಿಡೋದು ಕತ್ತೆ ಹೊಡೆದ ಹಾಗೆ ಅಂತಿದ್ದೆ ನೀನು."

"ಈಗಲೂ ಹಾಗೇ ಬಿಡೋದು," ಎಂದ ನಾಬೊರ್. "ಆದ್ರೆ ನೋಡ್ಕೊಂಡು ಬಿಡ್ತಾನೆ."

ಲೆಯೊಕಾದಿಯಾ ಕನ್ನಡಕವನ್ನು ಚೀಲಕ್ಕೆ ಹಾಕಿದಳು. ಏನೋ ಹೇಳಲು ಬಾಯಿ ತೆರೆದಳು. ನಾಬೊರ್ ಅಷ್ಟರಲ್ಲಿ ಗೂಡಿನಿಂದ ಚಾಕು ತೆಗೆದು, ಅದರ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, "ಇದರಲ್ಲಿ ಬೆಣ್ಣೆ ಕೂಡ ಕೊಯ್ಯೋಕಾಗಲ್ಲ, ಈ ಮನೆ ನಡೆಸೋ ರೀತಿಯೇ ಇದು," ಎಂದು ಗೊಣಗುತ್ತ ಮಸೆಯುವ ಕಲ್ಲು ಹುಡುಕಿಕೊಂಡು ಅಂಗಳಕ್ಕೆ ಇಳಿದ. ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಚಾಕು ಆಡುವ ಸದ್ದು ಕೇಳಿತು. ಬಿಟ್ಟು ಬಿಟ್ಟು, ಅದೇ ಅಳತೆಯಲ್ಲಿ.

ಎರ್ಮಿನಿಯಾ ಫೋನು ಎತ್ತಿಕೊಂಡು ಹಲ್ಲಿನ ಡಾಕ್ಟರಿಗೆ ಉತ್ತರ ಬರೆದಳು. ಶನಿವಾರದ ಊಟಕ್ಕೆ ಸೆವಿಚೆ ಎಂದು ತೀರ್ಮಾನವಾಯಿತು.